ಕೊಬ್ಬರಿ ಬಿದ್ದ ವರ್ಷ ಅಂಗಡಿ ಉಳಿಸಿಕೊಳ್ಳುವ ದಾರಿಗಳು: ಯಾವುದು ಯಾರಿಗೆ?

ತಿಪಟೂರು ಸೀಮೆಯಲ್ಲಿ ಆರ್ಥಿಕ ಹಿಂಜರಿತ ಎಂಬ ಮಾತನ್ನು ಯಾರೂ ಆಡುವುದಿಲ್ಲ. ‘ಕೊಬ್ಬರಿ ಬಿದ್ದಿದೆ’ ಎನ್ನುತ್ತಾರೆ, ಅಷ್ಟಕ್ಕೇ ಎಲ್ಲರಿಗೂ ಎಲ್ಲವೂ ತಿಳಿಯುತ್ತದೆ. ಬಟ್ಟೆ ಅಂಗಡಿಯವರು ಹಬ್ಬದ ಸರಕನ್ನು ಅರ್ಧಕ್ಕೆ ಇಳಿಸುತ್ತಾರೆ. ಹೋಟೆಲಿನಲ್ಲಿ ಎರಡು ಕಾಫಿ ಹೇಳುತ್ತಿದ್ದವರು ಬೈ ಟೂ ಹೇಳುತ್ತಾರೆ. ಮದುವೆಗಳು ಮುಂದಿನ ವರ್ಷಕ್ಕೆ ಹೋಗುತ್ತವೆ, ಅವುಗಳ ಜೊತೆಗೆ ಶಾಮಿಯಾನದವರ, ಪಾತ್ರೆ ಅಂಗಡಿಯವರ, ಫೋಟೊ ಸ್ಟುಡಿಯೊದವರ ವರಮಾನವೂ ಹೋಗುತ್ತದೆ. 2023ರಲ್ಲಿ ಆದದ್ದು ಇದೇ. ಆ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರ ಘೋಷಿಸಿದ್ದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ಹರಾಜಿನಲ್ಲಿ ಸಿಗುತ್ತಿದ್ದುದು ಅದಕ್ಕಿಂತ ಸಾವಿರಾರು ರೂಪಾಯಿ ಕಡಿಮೆ.

ಸಣ್ಣ ಅಂಗಡಿಗಳ ಲೆಕ್ಕ ಬರೆದು ಜಿಎಸ್‌ಟಿ ರಿಟರ್ನ್ ಸಲ್ಲಿಸುವುದು ನನ್ನ ಕೆಲಸ. ಆ ವರ್ಷ ನನ್ನ ಮೇಜಿನ ಎದುರು ಕುಳಿತವರೆಲ್ಲ ಕೇಳುತ್ತಿದ್ದುದು ಹೆಚ್ಚುಕಡಿಮೆ ಒಂದೇ: ‘ಇದು ಮಾಡಲೋ, ಅದು ಮಾಡಲೋ?’ ಆಗ ಕೊಟ್ಟ ಉತ್ತರಗಳಲ್ಲಿ ಕೆಲವು ಸರಿಯಾದವು, ಕೆಲವು ತಪ್ಪಿದವು. ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಊರಿನಲ್ಲಿ ಕೊಬ್ಬರಿಯ ಬದಲು ಅಡಿಕೆಯೋ ರೇಷ್ಮೆಗೂಡೋ ಇರಬಹುದು, ಗಾರ್ಮೆಂಟ್ಸ್ ಕಾರ್ಖಾನೆಯ ಸಂಬಳವೂ ಇರಬಹುದು. ಲೆಕ್ಕ ಬದಲಾಗುವುದಿಲ್ಲ.

ಅಂಗಡಿ ನಷ್ಟದಿಂದ ಮುಚ್ಚಿದ್ದನ್ನು ನಾನು ಕಂಡದ್ದು ಕಡಿಮೆ. ಪುಸ್ತಕದಲ್ಲಿ ಲಾಭ ಇದ್ದು, ಗಲ್ಲಾದಲ್ಲಿ ಕಾಸಿಲ್ಲದೆ ಮುಚ್ಚಿದ್ದೇ ಹೆಚ್ಚು. ನಮ್ಮಲ್ಲಿ ಇದು ಕಣ್ಣಿಗೇ ಕಾಣುತ್ತದೆ. ತೆಂಗಿನಕಾಯಿ ಉಂಡೆ ಕೊಬ್ಬರಿಯಾಗಲು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಬೇಕು. ಒಣಗಿದ ಮೇಲೂ ಬೆಲೆ ಇಲ್ಲದಿದ್ದರೆ ರೈತರು ಅಟ್ಟದಿಂದ ಇಳಿಸುವುದಿಲ್ಲ. ಅವರ ಹಣ ಅಟ್ಟದಲ್ಲಿ ಕುಳಿತಿದೆ, ಅವರಿಗೆ ಸಾಲ ಬರೆದುಕೊಂಡು ಸಾಮಾನು ಕೊಟ್ಟ ಅಂಗಡಿಯವರ ಹಣವೂ ಅದೇ ಅಟ್ಟದಲ್ಲಿ ಕುಳಿತಿದೆ. ಸಗಟು ಮಂಡಿಯವರು ಮಾತ್ರ ಯಾರ ಅಟ್ಟವನ್ನೂ ನೋಡಲು ಬರುವುದಿಲ್ಲ, ತಿಂಗಳಾದರೆ ಬಿಲ್ಲು ಹಿಡಿದು ನಿಲ್ಲುತ್ತಾರೆ. ಆದ್ದರಿಂದ ಯಾವ ಎರಡು ದಾರಿಗಳನ್ನು ಹೋಲಿಸುವಾಗಲೂ ನಾನು ಮೊದಲು ಲಾಭ ಕೇಳುವುದಿಲ್ಲ. ಈ ಹಣ ಎಷ್ಟು ದಿನಕ್ಕೆ ಗಲ್ಲಾಕ್ಕೆ ಮರಳುತ್ತದೆ, ಮರಳದಿದ್ದರೆ ಏನು ಕಳೆದುಕೊಳ್ಳುತ್ತೀರಿ ಎಂದು ಕೇಳುತ್ತೇನೆ.

ಸಾಲ ಬರೆಯುವುದೋ, ನಿಲ್ಲಿಸುವುದೋ

ಒಂದೇ ಬೀದಿಯ ಎರಡು ದಿನಸಿ ಅಂಗಡಿಗಳ ಕಥೆ ಹೇಳುತ್ತೇನೆ. ಬೆಲೆ ಬಿದ್ದ ಸುದ್ದಿ ಗಟ್ಟಿಯಾದ ವಾರವೇ ಮೊದಲನೆಯವರು ‘ಇಂದು ನಗದು, ನಾಳೆ ಸಾಲ’ ಎಂಬ ಹಳೆಯ ಬೋರ್ಡನ್ನು ಒರೆಸಿ ಮತ್ತೆ ನೇತುಹಾಕಿದರು. ಜಾಣತನವೇ. ಆದರೆ ಅವರು ಒಂದನ್ನು ಎಣಿಸಿರಲಿಲ್ಲ. ಹಳೆಯ ಬಾಕಿ ಇರುವ ಗಿರಾಕಿಗೆ ಹೊಸ ಸಾಲ ನಿಲ್ಲಿಸಿದರೆ ಅವರು ನಗದು ತೆಗೆದುಕೊಂಡು ನಿಮ್ಮ ಅಂಗಡಿಗೆ ಬರುವುದಿಲ್ಲ, ಬಾಕಿ ಕೇಳುತ್ತೀರೆಂಬ ಸಂಕೋಚಕ್ಕೆ ಬೀದಿಯನ್ನೇ ತಪ್ಪಿಸುತ್ತಾರೆ. ಕೈಯಲ್ಲಿರುವ ನಗದನ್ನು ಪಕ್ಕದ ಬೀದಿಯ ಅಂಗಡಿಗೆ ಕೊಡುತ್ತಾರೆ. ನಿಮ್ಮಲ್ಲಿ ಬಾಕಿ, ಅಲ್ಲಿ ನಗದು ವ್ಯಾಪಾರ! ಎರಡನೆಯವರು ವಯಸ್ಸಾದವರು, ಯಾರಿಗೂ ಇಲ್ಲ ಎನ್ನಲಾರದವರು. ಬಂದವರಿಗೆಲ್ಲ ಬರೆದುಕೊಂಡು ಕೊಟ್ಟರು. ಎಂಟು ತಿಂಗಳಲ್ಲಿ ಅವರ ಬಾಕಿ ಪುಸ್ತಕ ಮೂರು ಲಕ್ಷ ಮುಟ್ಟಿತು, ಮಂಡಿಯವರು ಸರಕು ಕಳಿಸುವುದನ್ನು ನಿಲ್ಲಿಸಿದರು.

ಇವೆರಡರ ನಡುವಿನ ದಾರಿಯನ್ನು ಹಿಡಿದವರೂ ಇದ್ದರು. ಹಳೆಯ ಬಾಕಿಗೆ ಗೆರೆ ಎಳೆದು ಅದನ್ನು ಬೇರೆ ಪುಟಕ್ಕೆ ಸಾಗಿಸುವುದು. ಹೊಸ ಸಾಲವನ್ನು ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆಗೆ ಮಾತ್ರ, ಅದೂ ಮನೆಯೊಂದಕ್ಕೆ ಇಷ್ಟೆಂಬ ಮಿತಿಯಲ್ಲಿ ಕೊಡುವುದು. ಪ್ರತಿ ಸಲ ಬಂದಾಗ ಹಳೆಯ ಪುಟಕ್ಕೆ ನೂರೋ ಇನ್ನೂರೋ ಜಮಾ ಮಾಡಿಸಿಕೊಳ್ಳುವುದು. ಗಿರಾಕಿಯ ಮುಖ ಉಳಿಯುತ್ತದೆ, ನಿಮ್ಮ ಬಾಕಿ ಬೆಳೆಯುವುದಿಲ್ಲ. ದಿನಸಿ ಅಂಗಡಿಯವರಿಗೆ ನಾನು ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ. ಬಟ್ಟೆ, ಪೇಂಟು, ಹಾರ್ಡ್‌ವೇರ್, ಮೊಬೈಲ್ ಅಂಗಡಿಯವರಿಗೆ ಹೇಳುವುದು ಬೇರೆ: ಪೂರ್ತಿ ನಿಲ್ಲಿಸಿ. ದಿನಸಿಗೆ ಗಿರಾಕಿ ವಾರಕ್ಕೆ ಎರಡು ಸಲ ಬರುತ್ತಾರೆ, ವಸೂಲಿಗೆ ಎರಡು ಅವಕಾಶ. ಪೇಂಟು ಒಯ್ದವರು ಮತ್ತೆ ಬರುವುದು ಮುಂದಿನ ಮದುವೆಗೆ.

ಬಾಕಿ ಮುಳುಗಿದರೆ ಎಷ್ಟು ಪೆಟ್ಟು ಎಂಬುದನ್ನೂ ಲೆಕ್ಕ ಹಾಕಿ. ನೂರಕ್ಕೆ ಹತ್ತು ಉಳಿಯುವ ವ್ಯಾಪಾರದಲ್ಲಿ 1,000 ರೂಪಾಯಿಯ ಬಾಕಿ ಬರದೆ ಹೋದರೆ ನಿಮ್ಮ ಕೈಯಿಂದ ಹೋದ ಅಸಲು 900. ಅದನ್ನು ತುಂಬಿಕೊಳ್ಳಲು ಇನ್ನೂ 9,000 ರೂಪಾಯಿಯ ವ್ಯಾಪಾರ ಮಾಡಬೇಕು, ಅದೂ ಬಾಡಿಗೆ, ಕರೆಂಟು, ಹುಡುಗನ ಸಂಬಳ ಯಾವುದನ್ನೂ ಕಳೆಯದೆ.

ಇನ್ನೊಂದು ಮಾತು. ಮಾರಿದ ಸರಕಿನ ಹಣಕ್ಕೆ ದಾವೆ ಹೂಡಲು ಕಾನೂನು ಕೊಡುವ ಅವಧಿ ಮೂರು ವರ್ಷ. ಆ ಅವಧಿ ಮುಗಿಯುವ ಮೊದಲೇ ‘ಇಷ್ಟು ಬಾಕಿ ಇದೆ’ ಎಂದು ಗಿರಾಕಿ ಬರೆದು ಸಹಿ ಹಾಕಿದರೆ ಮೂರು ವರ್ಷ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಎಂಟು ಸಾವಿರಕ್ಕೆ ಯಾರೂ ಕೋರ್ಟಿಗೆ ಹೋಗುವುದಿಲ್ಲ, ನಿಜ. ಆದರೂ ಯುಗಾದಿಗೆ ಮೊದಲು ಪುಸ್ತಕ ಮುಂದಿಟ್ಟು ಸಹಿ ಹಾಕಿಸಿಕೊಳ್ಳುವ ಅಂಗಡಿಯವರ ಬಾಕಿ ಬೇರೆಯವರದಕ್ಕಿಂತ ಬೇಗ ಬರುವುದನ್ನು ನೋಡಿದ್ದೇನೆ. ಬಾಯಿ ಮಾತಿನ ಬಾಕಿ ಮರೆಯುತ್ತದೆ, ಸಹಿ ಹಾಕಿದ್ದು ಚುಚ್ಚುತ್ತಿರುತ್ತದೆ.

ಹಣ ತರುವುದಾದರೆ ಎಲ್ಲಿಂದ

ಎಲ್ಲರೂ ಮೊದಲು ಒರಗುವುದು ಮಂಡಿಯವರ ಸಾಲಕ್ಕೆ, ಅದಕ್ಕೆ ಬಡ್ಡಿಯಿಲ್ಲವೆಂದು. ಬಡ್ಡಿ ಇದೆ, ಕಾಣುವುದಿಲ್ಲ ಅಷ್ಟೇ. ನಗದು ಕೊಟ್ಟರೆ ನೂರಕ್ಕೆ ಎರಡು ರೂಪಾಯಿ ಬಿಡುತ್ತೇವೆ, ಇಲ್ಲವೇ ಒಂದು ತಿಂಗಳು ಸಮಯ ಎಂದು ಅವರು ಹೇಳಿದರೆ, ಸಮಯ ತೆಗೆದುಕೊಂಡ ನೀವು ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಕೊಟ್ಟಂತೆ. ವರ್ಷಕ್ಕೆ ಶೇ 24. ಬ್ಯಾಂಕಿನಲ್ಲಿ ಇದರ ಅರ್ಧ ಬಡ್ಡಿಗೆ ಚಿನ್ನದ ಸಾಲ ಸಿಗುವುದಾದರೆ, ಅದನ್ನು ತಂದು ಮಂಡಿಗೆ ನಗದು ಕೊಡುವುದೇ ಅಗ್ಗ. ಈ ಮಾತು ಹೇಳಿದಾಗ ಬಹಳ ಅಂಗಡಿಯವರು ನನ್ನನ್ನು ಅನುಮಾನದಿಂದ ನೋಡುತ್ತಾರೆ. ಇಲ್ಲದ ಸಾಲ ಮಾಡಿಸುತ್ತಿದ್ದಾನೆ ಎಂಬಂತೆ.

ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಖಾತೆ ವ್ಯಾಪಾರಕ್ಕೆ ಹೇಳಿ ಮಾಡಿಸಿದ್ದು. ಬಳಸಿದಷ್ಟು ಹಣಕ್ಕೆ, ಬಳಸಿದಷ್ಟು ದಿನಕ್ಕೆ ಮಾತ್ರ ಬಡ್ಡಿ. ಆದರೆ ಅದರಲ್ಲೊಂದು ಕೊಕ್ಕೆ ಇದೆ. ಎಷ್ಟು ತೆಗೆಯಬಹುದು ಎಂಬುದನ್ನು ಬ್ಯಾಂಕಿನವರು ನಿಮ್ಮ ದಾಸ್ತಾನು ಮತ್ತು ಬರಬೇಕಾದ ಬಾಕಿ ನೋಡಿ ನಿರ್ಧರಿಸುತ್ತಾರೆ. ವ್ಯಾಪಾರ ಕುಸಿದು ದಾಸ್ತಾನು ಇಳಿದಾಗ, ಅಂದರೆ ಹಣ ನಿಜವಾಗಿ ಬೇಕಾದಾಗ, ಮಿತಿಯೂ ಇಳಿಯುತ್ತದೆ. ಈ ಖಾತೆಯನ್ನು ಒಳ್ಳೆಯ ವರ್ಷದಲ್ಲಿ ಕೇಳಿ ಇಟ್ಟುಕೊಳ್ಳಬೇಕು. ಕೆಟ್ಟ ವರ್ಷದಲ್ಲಿ ಕೇಳಲು ಹೋದವರಿಗೆ ಕುರ್ಚಿ ಸಿಗುತ್ತದೆ, ಸಾಲ ಸಿಗುವುದಿಲ್ಲ.

2015ರಲ್ಲಿ ಬಂದ ಮುದ್ರಾ ಸಾಲಕ್ಕೆ ಅಡಮಾನ ಬೇಡ. 50,000 ರೂಪಾಯಿವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ. ತರುಣ ತೀರಿಸಿದವರಿಗೆ ಈಗ 20 ಲಕ್ಷದವರೆಗೂ ಇದೆ. ಯಾವುದಕ್ಕೆ ಬಳಸುತ್ತೀರಿ ಎಂಬುದರ ಮೇಲೆ ಅದು ಒಳ್ಳೆಯದೋ ಕೆಟ್ಟದ್ದೋ ಆಗುತ್ತದೆ. ಹಿಟ್ಟಿನ ಗಿರಣಿಗೆ, ಫ್ರಿಜ್ಜಿಗೆ, ಹೊಲಿಗೆ ಯಂತ್ರಕ್ಕೆ ತಂದರೆ ಯಂತ್ರವೇ ಕಂತು ದುಡಿಯುತ್ತದೆ. ಬಾಕಿ ಮುಳುಗಿಸಿದ ಗುಂಡಿ ತುಂಬಲು ತಂದರೆ ಗುಂಡಿಯೂ ಉಳಿಯುತ್ತದೆ, ಮುಂದಿನ ತಿಂಗಳಿಂದ ಕಂತೂ ಶುರುವಾಗುತ್ತದೆ. ತಳ್ಳುಗಾಡಿ ಮತ್ತು ಬೀದಿ ಬದಿಯ ವ್ಯಾಪಾರಿಗಳಿಗೆ 2020ರಲ್ಲಿ ಬಂದ ಪಿಎಂ ಸ್ವನಿಧಿ ಇದಕ್ಕಿಂತ ಸರಳ: ಚಿಕ್ಕ ಮೊತ್ತದಿಂದ ಶುರು, ಸಮಯಕ್ಕೆ ಕಟ್ಟಿದವರಿಗೆ ಮುಂದಿನ ಹಂತದಲ್ಲಿ ಹೆಚ್ಚು ಮೊತ್ತ, ಬಡ್ಡಿಯಲ್ಲಿ ಶೇ 7ರ ಸಹಾಯಧನ.

ಚಿನ್ನದ ಸಾಲ ಅರ್ಧ ದಿನದಲ್ಲಿ ಕೈಗೆ ಬರುತ್ತದೆ. ಹಣ ಯಾವಾಗ ಮರಳುತ್ತದೆ ಎಂಬ ತಾರೀಖು ಗೊತ್ತಿದ್ದವರಿಗೆ ಇದು ಒಳ್ಳೆಯ ದಾರಿ, ಗೊತ್ತಿಲ್ಲದವರಿಗೆ ಹರಾಜಿನ ನೋಟಿಸು. ವರ್ಷದ ಕೊನೆಗೆ ಅಸಲು ಬಡ್ಡಿ ಒಟ್ಟಿಗೆ ಕಟ್ಟುವ ಬಗೆಯದಾದರೆ ನಡುವೆ ಯಾರೂ ನೆನಪಿಸುವುದಿಲ್ಲ, ಆದ್ದರಿಂದ ತಿಂಗಳ ಬಡ್ಡಿಯನ್ನಾದರೂ ಕಟ್ಟುತ್ತಿರಿ. ಒಡವೆ ನಿಮ್ಮದಲ್ಲ, ಮನೆಯಾಕೆಯದು, ಅವರನ್ನು ಕೇಳಿಯೇ ತೆಗೆದುಕೊಂಡು ಹೋಗಿ. ಇದನ್ನು ಬರೆಯಬೇಕಾಗಿ ಬಂದದ್ದೇ ಬೇಸರ.

ಚೀಟಿಯಲ್ಲಿ ಎರಡು ಬಗೆ. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಾಯಿಸಿಕೊಂಡದ್ದು ಒಂದು, ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ನಡೆಸುತ್ತದೆ. ಬೀದಿಯವರು ಸೇರಿ ಕಟ್ಟುವುದು ಇನ್ನೊಂದು. ಕೆಟ್ಟ ವರ್ಷದಲ್ಲಿ ಎಲ್ಲರಿಗೂ ಮೊದಲೇ ಹಣ ಬೇಕಾಗುವುದರಿಂದ ಕೂಗು ಜೋರಾಗಿ, ಎತ್ತಿಕೊಂಡವರ ಕೈಗೆ ಬರುವ ಮೊತ್ತ ಇಳಿಯುತ್ತದೆ. ಮೊದಲೇ ಎತ್ತಿಕೊಂಡವರು ನಡುವೆ ಕಂತು ನಿಲ್ಲಿಸಿದರೆ ಬೀದಿ ಚೀಟಿ ಅಲ್ಲಿಗೆ ಮುಗಿಯಿತು. ಈಗಾಗಲೇ ಕಟ್ಟುತ್ತಿರುವ ನೋಂದಾಯಿತ ಚೀಟಿ ಇದ್ದರೆ ಬಳಸಿಕೊಳ್ಳಿ. ಬಿಕ್ಕಟ್ಟಿನ ನಡುವೆ ಹೊಸದಾಗಿ ಬೀದಿ ಚೀಟಿಗೆ ಸೇರಬೇಡಿ.

ಕೊನೆಯದು ದಿನದ ವಸೂಲಿಯ ಸಾಲ. ಸಂಜೆ ಬೈಕಿನಲ್ಲಿ ಬರುತ್ತಾರೆ, ಕಾಗದಪತ್ರ ಕೇಳುವುದಿಲ್ಲ, 10,000 ಎಂದು ಬರೆದುಕೊಂಡು 9,000 ಕೈಗಿಡುತ್ತಾರೆ. ದಿನಕ್ಕೆ 100 ರೂಪಾಯಿಯಂತೆ 100 ದಿನ ಕಟ್ಟಬೇಕು. ಸಾವಿರ ರೂಪಾಯಿ ತಾನೇ, ಹತ್ತಕ್ಕೆ ಒಂದು ಎನ್ನಿಸುತ್ತದೆ. ಆದರೆ ಮೊದಲ ದಿನದಿಂದಲೇ ಅಸಲು ವಾಪಸು ಹೋಗುತ್ತಿರುತ್ತದೆ. ನೂರು ದಿನದಲ್ಲಿ ಸರಾಸರಿ ನಿಮ್ಮ ಬಳಿ ಉಳಿಯುವುದು ಅರ್ಧ ಮೊತ್ತ. ಲೆಕ್ಕ ಹಾಕಿದರೆ ಬಡ್ಡಿ ವರ್ಷಕ್ಕೆ ಶೇ 75 ದಾಟುತ್ತದೆ. ಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ತಂದಿತು, ಒಳ್ಳೆಯದೇ. ಆದರೆ ಕಿರುಕುಳ ಇಲ್ಲದೆ, ನಗುನಗುತ್ತಲೇ ಒಯ್ಯುವ ದಿನದ ನೂರು ರೂಪಾಯಿಯನ್ನು ಯಾವ ಕಾನೂನೂ ತಡೆಯುವುದಿಲ್ಲ. ಹಣ್ಣಿನ ಗಾಡಿಯವರಿಗೆ, ಬೆಳಿಗ್ಗೆ ಹಾಕಿದ್ದು ಸಂಜೆಗೆ ಮರಳುವ ವ್ಯಾಪಾರಕ್ಕೆ, ಹೇಗೋ ತಡೆದುಕೊಳ್ಳಬಹುದು. ಸರಕು ತಿಂಗಳುಗಟ್ಟಲೆ ಕಪಾಟಿನಲ್ಲಿ ಕೂರುವ ಅಂಗಡಿಗೆ ಇದು ನಿಧಾನ ವಿಷ.

ಈಗಾಗಲೇ ಇರುವ ಸಾಲದ ಕಂತನ್ನು ಮುಂದೂಡಿಸಬೇಕೇ? 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ರಿಸರ್ವ್ ಬ್ಯಾಂಕ್ ಆ ಅವಕಾಶ ಕೊಟ್ಟಾಗ ಅನೇಕರು ಅದನ್ನು ಮಾಫಿ ಎಂದುಕೊಂಡರು. ಬಡ್ಡಿ ಓಡುತ್ತಲೇ ಇತ್ತು, ಕೊನೆಗೆ ಸಾಲಕ್ಕೇ ಸೇರಿತು. ಬ್ಯಾಂಕಿನವರು ಒಪ್ಪಿದರೆ ಬಡ್ಡಿಯನ್ನಷ್ಟೇ ಕಟ್ಟುವುದು ಪೂರ್ತಿ ನಿಲ್ಲಿಸುವುದಕ್ಕಿಂತ ಮೇಲು. ಕೇಳುವುದನ್ನು ಕಂತು ತಪ್ಪುವ ಮೊದಲು ಕೇಳಿ. ತಪ್ಪಿದ ಮೇಲೆ ಕೇಳಿದವರ ಜೊತೆ ಬ್ಯಾಂಕಿನ ಮಾತಿನ ಧಾಟಿಯೇ ಬೇರೆ.

ಖರ್ಚು ಇಳಿಸುವಾಗ

ಹೆಚ್ಚಿನವರು ಮೊದಲು ಹುಡುಗನನ್ನು ಕೆಲಸದಿಂದ ಬಿಡಿಸುತ್ತಾರೆ. ನಾನು ಅದನ್ನು ಕೊನೆಗೆ ಇಡುತ್ತೇನೆ. ಯಾವ ಮನೆಯವರು ಯಾವ ಅಕ್ಕಿ ಒಯ್ಯುತ್ತಾರೆ, ಯಾರ ಬಾಕಿಯನ್ನು ಯಾವ ದಿನ ಕೇಳಿದರೆ ಬರುತ್ತದೆ ಎಂಬುದು ಆ ಹುಡುಗನಿಗೆ ಗೊತ್ತು. ಮೊದಲು ಕೈಹಾಕಬೇಕಾದದ್ದು ಕಪಾಟಿಗೆ. ಮೂರು ತಿಂಗಳಿಂದ ಅಲುಗಾಡದ ಸರಕನ್ನು ಕೆಳಗಿಳಿಸಿ ಪಟ್ಟಿ ಮಾಡಿ. ಏಜೆನ್ಸಿಯವರು ವಾಪಸು ಪಡೆದರೆ ಸರಿ, ಇಲ್ಲವಾದರೆ ಅಸಲಿಗೆ, ಅಸಲಿಗಿಂತ ಸ್ವಲ್ಪ ಕಡಿಮೆಗಾದರೂ ಮಾರಿ ನಗದು ಮಾಡಿಕೊಳ್ಳಿ. ಆ ನಗದಿನಲ್ಲಿ ವಾರಕ್ಕೆರಡು ಸಲ ಓಡುವ ಸರಕು ತರಬಹುದು.

ಓಡುವ ಸರಕಿನ ಮೇಲೆ ಮಾತ್ರ ರಿಯಾಯಿತಿ ಹಾಕಬೇಡಿ. ನೂರಕ್ಕೆ ಹತ್ತು ಉಳಿಯುವಲ್ಲಿ ಐದು ಬಿಟ್ಟರೆ, ಅಷ್ಟೇ ಲಾಭಕ್ಕೆ ಎರಡರಷ್ಟು ಮಾರಬೇಕು. ಕೊಬ್ಬರಿ ಬಿದ್ದ ವರ್ಷ ಊರಿನಲ್ಲಿ ಯಾರೂ ಎರಡರಷ್ಟು ಸಕ್ಕರೆ ತಿನ್ನುವುದಿಲ್ಲ.

ಬಾಡಿಗೆಯ ವಿಷಯದಲ್ಲಿ ಮಾಲೀಕರ ಬಳಿ ಹೋಗಿ ಮಾತಾಡುವುದೇ ದಾರಿ. ಖಾಲಿ ಮಳಿಗೆ ಅವರಿಗೂ ನಷ್ಟವೆಂದು ಅವರಿಗೂ ಗೊತ್ತಿರುತ್ತದೆ. ಆರು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳಲು ಒಪ್ಪಿದವರನ್ನು ಕಂಡಿದ್ದೇನೆ. ಆದರೆ ಹಾಗೆ ಮಾಡಿದರೆ ಅಂಗಡಿ ಬಿಡುವ ದಿನ ಕೈಗೆ ಏನೂ ಬರುವುದಿಲ್ಲ ಎಂಬುದು ನೆನಪಿರಲಿ. ಮನೆ ಬಾಗಿಲಿಗೆ ತಲುಪಿಸುವ ಆ್ಯಪ್‌ಗಳಿಗೆ ಸೇರುವುದು, ವಾಟ್ಸ್‌ಆ್ಯಪ್‌ನಲ್ಲಿ ಪಟ್ಟಿ ತರಿಸಿಕೊಂಡು ಸೈಕಲ್ಲಿನಲ್ಲಿ ಕಳಿಸುವುದು, ಇವೆರಡರಲ್ಲಿ ತಾಲ್ಲೂಕು ಕೇಂದ್ರಗಳಿಗೆ ಎರಡನೆಯದೇ ಸಾಕು.

ತೆರಿಗೆಯಲ್ಲಿ ರಾಜಿಯೋ, ರೆಗ್ಯುಲರ್ರೋ

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಬೆಂಗಳೂರಿನ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಕಾಣಿಸಿಕೊಂಡವು. ಕ್ಯೂಆರ್ ಕೋಡ್ ಕಿತ್ತುಹಾಕುವುದು ನನಗೆ ಸರಿ ಕಾಣುವುದಿಲ್ಲ. ಕೆಟ್ಟ ಕಾಲದಲ್ಲಿ ಸಾಲ ಕೇಳಲು ಹೋದರೆ ನಿಮ್ಮ ವ್ಯಾಪಾರಕ್ಕೆ ಸಾಕ್ಷಿ ಹೇಳುವುದು ಅದೇ ಬ್ಯಾಂಕ್ ಖಾತೆ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ, ಸೇವೆ ಕೊಡುವವರಿಗೆ 20 ಲಕ್ಷ. ತೆರಿಗೆ ಇಲ್ಲದ ಹಾಲು, ತರಕಾರಿಯ ಮಾರಾಟವೂ ಈ ಮಿತಿಯ ಲೆಕ್ಕಕ್ಕೆ ಸೇರುತ್ತದೆ. ಇದು ಗೊತ್ತಿಲ್ಲದೆ ಸಿಕ್ಕಿಕೊಂಡವರೇ ಬಹಳ.

ಮಿತಿ ದಾಟಿದವರಿಗೆ, 1.5 ಕೋಟಿಯೊಳಗಿದ್ದರೆ, ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿ ಇದೆ: ವ್ಯಾಪಾರಿಗಳಿಗೆ ಶೇ 1, ಹೋಟೆಲಿಗೆ ಶೇ 5, ಮೂರು ತಿಂಗಳಿಗೊಮ್ಮೆ ಪಾವತಿ. ಕೆಲಸ ಕಡಿಮೆ. ಆದರೆ ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತಿಲ್ಲ, ಆ ಒಂದು ರೂಪಾಯಿ ನಿಮ್ಮ ಲಾಭದಿಂದಲೇ ಹೋಗುತ್ತದೆ, ಲಾಭ ಇರಲಿ ಇಲ್ಲದಿರಲಿ. ಹೊರರಾಜ್ಯಕ್ಕೆ ಮಾರುವಂತಿಲ್ಲ, ಖರೀದಿಯ ಮೇಲೆ ಕಟ್ಟಿದ ತೆರಿಗೆ ವಾಪಸು ಸಿಗುವುದಿಲ್ಲ. ರೆಗ್ಯುಲರ್, ಅಂದರೆ ಗಿರಾಕಿಯಿಂದ ತೆರಿಗೆ ವಸೂಲು ಮಾಡಿ ಕಟ್ಟುವ ಸಾಮಾನ್ಯ ಪದ್ಧತಿಯಿಂದ ರಾಜಿಗೆ ಬದಲಾಗುವುದು ಏಪ್ರಿಲ್ 1ರಿಂದ ಮಾತ್ರ, ಆಗ ಕಪಾಟಿನಲ್ಲಿರುವ ದಾಸ್ತಾನಿನ ಮೇಲೆ ಪಡೆದಿದ್ದ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕು. ದಾಸ್ತಾನು ತುಂಬಿ ಕುಳಿತ ಕೆಟ್ಟ ವರ್ಷದ ಮಾರ್ಚ್‌ನಲ್ಲಿ ಅದು ದೊಡ್ಡ ಮೊತ್ತವೇ ಆಗಬಹುದು. ಮನೆಮಂದಿಗೆ ಮಾರುವ ಬೀದಿ ಅಂಗಡಿಗೆ ರಾಜಿ ಸಾಕು. ಹೋಟೆಲುಗಳಿಗೆ, ಕಾಂಟ್ರಾಕ್ಟರುಗಳಿಗೆ ಮಾರುವವರು ರೆಗ್ಯುಲರ್ ಬಿಡಬಾರದು, ಅವರಿಗೆ ತೆರಿಗೆ ಬಿಲ್ಲು ಬೇಕು.

ದೊಡ್ಡವರಿಗೆ ಮಾಲು ಕೊಟ್ಟು ಕಾಯುವವರು

ತೆಂಗಿನ ಪುಡಿ, ನಾರು, ಹಗ್ಗ ಮಾಡುವ ಸಣ್ಣ ಘಟಕಗಳ ಸಂಕಟ ಅಂಗಡಿಯವರದಕ್ಕೆ ತದ್ವಿರುದ್ಧ: ಬಾಕಿ ಇರುವವರು ಬಡವರಲ್ಲ, ದೊಡ್ಡ ಕಂಪನಿಗಳು. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಒಪ್ಪಂದವಿದ್ದರೂ 45 ದಿನದೊಳಗೆ, ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡಲು ಸರ್ಕಾರದ ಆನ್‌ಲೈನ್ ಪೋರ್ಟಲ್ ಇದೆ. ದೂರು ಕೊಟ್ಟರೆ ಹಣ ಬರಬಹುದು, ಮುಂದಿನ ಆರ್ಡರ್ ಬರುವುದಿಲ್ಲ. ಸುಮ್ಮನಿದ್ದರೆ ಆರ್ಡರ್ ಬರುತ್ತದೆ, ಹಣ ಬರುವುದಿಲ್ಲ.

ಇವೆರಡರ ನಡುವೆ 2023ರಲ್ಲಿ ಆದಾಯ ತೆರಿಗೆ ಕಾನೂನಿಗೆ ಸೇರಿದ ಒಂದು ಅಂಶ ನಿಮ್ಮ ಪರವಾಗಿದೆ: ಸಣ್ಣ ಘಟಕಕ್ಕೆ ಅವಧಿಯೊಳಗೆ ಹಣ ಕೊಡದಿದ್ದರೆ, ಕೊಡುವವರೆಗೆ ಖರೀದಿದಾರರು ಅದನ್ನು ಖರ್ಚೆಂದು ತೋರಿಸುವಂತಿಲ್ಲ. ಬಿಲ್ಲಿನ ಮೇಲೆ ಉದ್ಯಮ್ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ) ನೋಂದಣಿ ಸಂಖ್ಯೆ ಮುದ್ರಿಸಿ, ಫೆಬ್ರುವರಿಯಲ್ಲಿ ಅವರ ಲೆಕ್ಕ ವಿಭಾಗಕ್ಕೆ ಸೌಮ್ಯವಾದ ಒಂದು ಪತ್ರ ಬರೆಯಿರಿ. ಜಗಳವಿಲ್ಲದೆ ಮಾರ್ಚ್‌ನಲ್ಲಿ ಹಣ ಬಂದದ್ದಿದೆ. ನೋಂದಣಿ ಉಚಿತ, ಮಧ್ಯವರ್ತಿಗೆ ಹಣ ಕೊಡಬೇಡಿ. ಈ 45 ದಿನದ ರಕ್ಷಣೆ ತಯಾರಿಸುವವರಿಗೆ ಮತ್ತು ಸೇವೆ ಕೊಡುವವರಿಗೆ. ಕೊಂಡು ಮಾರುವ ವ್ಯಾಪಾರಿಗಳಿಗೆ 2021ರಲ್ಲಿ ಉದ್ಯಮ್ ತೆರೆದರೂ ಅದು ಬ್ಯಾಂಕಿನ ಆದ್ಯತಾ ಸಾಲಕ್ಕಷ್ಟೇ.

ಮುಚ್ಚುವುದೂ ಒಂದು ದಾರಿ

ಇದನ್ನು ಹೇಳಿದರೆ ಎದುರು ಕುಳಿತವರು ಎದ್ದುಹೋಗುತ್ತಾರೆ, ಆದ್ದರಿಂದ ಕೊನೆಗೆ ಉಳಿಸಿಕೊಂಡೆ. ಒಂದು ಭಾನುವಾರ ದಾಸ್ತಾನನ್ನು ಅಸಲು ಬೆಲೆಗೆ ಎಣಿಸಿ. ಬಾಕಿ ಪುಸ್ತಕದ ಮೊತ್ತದಲ್ಲಿ ಅರ್ಧವನ್ನು ಮಾತ್ರ ಅದಕ್ಕೆ ಕೂಡಿಸಿ, ಉಳಿದದ್ದು ಬಂದಾಗ ಬಂತು. ಮಳಿಗೆಯ ಅಡ್ವಾನ್ಸ್ ಸೇರಿಸಿ. ನೀವು ಕೊಡಬೇಕಾದ ಒಟ್ಟು ಹಣಕ್ಕಿಂತ ಇದು ಹೆಚ್ಚಿದ್ದರೆ ಕಾಯಬಹುದು. ಸಮವಾಗುತ್ತಾ ಬಂದರೆ, ಮರ್ಯಾದೆಯಿಂದ ಮುಚ್ಚಲು ಅದೇ ಕೊನೆಯ ತಿಂಗಳು: ಸರಕು ಮಾರಿ ಮಂಡಿಯ ಸಾಲ ತೀರಿಸಿ ಹೊರಬರಬಹುದು, ಮುಂದೊಂದು ದಿನ ಅದೇ ಮಂಡಿ ಮತ್ತೆ ಸರಕು ಕೊಡುತ್ತದೆ. ಅದರಾಚೆ ಎಳೆದರೆ ಮನೆಯ ಹಣ ಅಂಗಡಿಯೊಳಗೆ ಸೋರತೊಡಗುತ್ತದೆ.

ಮೇಲೆ ಹೇಳಿದ ಎರಡನೆಯ ಅಂಗಡಿಯ ಹಿರಿಯರಿಗೆ ನಾನು ಈ ಲೆಕ್ಕವನ್ನು 2023ರ ದಸರಾ ಹೊತ್ತಿಗೆ ಹೇಳಬೇಕಿತ್ತು. ಸಂಕೋಚದಿಂದ ಹೇಳಲಿಲ್ಲ. ಅವರು ದಿನದ ವಸೂಲಿಯ ಸಾಲಕ್ಕೆ ಹೋಗಿ ಇನ್ನೂ ಐದು ತಿಂಗಳು ಎಳೆದು, ಬೆಂಬಲ ಬೆಲೆಯ ಖರೀದಿಗೆ ಹೆಸರು ಬರೆಸಲು ರೈತರು ಸರತಿಯಲ್ಲಿ ನಿಂತಿದ್ದ ದಿನಗಳಲ್ಲಿ ಶಟರ್ ಎಳೆದರು. 2025ರಲ್ಲಿ ಕೊಬ್ಬರಿ ಕ್ವಿಂಟಲ್‌ಗೆ 20,000 ರೂಪಾಯಿ ದಾಟಿತು. ಅಟ್ಟಗಳು ಖಾಲಿಯಾದವು, ಬೀದಿಯಲ್ಲಿ ಹಣ ಓಡಾಡಿತು, ಮೊದಲನೆಯ ಅಂಗಡಿಯವರು ಬೋರ್ಡ್ ಕೆಳಗಿಳಿಸಿದರು.

ಆ ಆಷಾಢದಲ್ಲಿ ಒಬ್ಬ ರೈತರು ನನ್ನ ಕಚೇರಿ ಹುಡುಕಿಕೊಂಡು ಬಂದರು. ಮುಚ್ಚಿದ ಅಂಗಡಿಗೆ ಹನ್ನೊಂದು ಸಾವಿರದ ನಾನೂರು ಕೊಡಬೇಕಿತ್ತು, ಯುಗಾದಿಗೆ ಸಹಿ ಹಾಕಿದ ನೆನಪಿತ್ತಂತೆ. ಯಜಮಾನರು ಎಲ್ಲಿದ್ದಾರೆ ಎಂದು ಕೇಳಿದರು. ಬೆಂಗಳೂರಿನಲ್ಲಿ, ಪೀಣ್ಯದ ಹತ್ತಿರ ಮಗನ ಮನೆಯಲ್ಲಿ ಎಂದೆ. ಫೋನ್‌ಪೇ ನಂಬರನ್ನು ಬೀಡಿ ಕಟ್ಟಿನ ಮೇಲೆ ಬರೆದುಕೊಂಡು ಹೋದರು.